ಬೆಳಕಿಗೆ ಹಿಡಿದು

ನಾಳೆ ಹನ್ನೊಂದಕ್ಕೆ ತಪಾಸಣೆಯವರು.
ಚೌಡರೆಡ್ಡಿ ಸರ್ ಬೆಳಗಿನಿಂದ ಮೂರು ಸಲ ಹೇಳಿದರು,
ನಾಲ್ಕನೆಯ ಸಲ ಹೇಳಲು ಬಂದು
ನೀರು ಕೇಳಿ ಕುಡಿದು ಹೋದರು.

ಗೋಡೆಗೆ ಸುಣ್ಣ ಆಯಿತು. ನೆಲಕ್ಕೆ ಹಳದಿ ಗೆರೆ ಆಯಿತು.
ಗೆರೆ ಒಣಗುವ ಮೊದಲೇ ನಾಯಿಯೊಂದು ದಾಟಿ
ಲೇತಿನ ತನಕ ಹಳದಿ ಹೆಜ್ಜೆ.
ಬೆಂಕಿ ಬಕೆಟ್ಟುಗಳಿಗೆ ಹೊಸ ಮರಳು ತುಂಬಿದೆವು;
ಎರಡು ವರ್ಷ ಅವುಗಳಲ್ಲಿದ್ದ ಬೀಡಿ ತುಂಡುಗಳನ್ನು
ಯಾವ ರಿಜಿಸ್ಟರೂ ಲೆಕ್ಕಕ್ಕೆ ಹಿಡಿದಿಲ್ಲ.

ಸ್ಟೋರಿನ ಪಿಳ್ಳಪ್ಪ ಪಟ್ಟಿ ಓದುತ್ತಾನೆ:
ವರ್ನಿಯರ್ ಇಪ್ಪತ್ತು; ಇರುವುದು ಹನ್ನೊಂದು.
ಉಳಿದ ಒಂಬತ್ತು ಶಿಡ್ಲಘಟ್ಟದಿಂದ ಬರುತ್ತಿವೆ
ಏಳರ ಬಸ್ಸಿಗೆ, ಕಂಡಕ್ಟರ್ ಕೈಲಿ, ಟವೆಲ್ಲಿನಲ್ಲಿ ಸುತ್ತಿಕೊಂಡು.
ನಾಡಿದ್ದು ಅಲ್ಲಿಗೂ ತಪಾಸಣೆ,
ಆಗ ಇಪ್ಪತ್ತೂ ಚಿಂತಾಮಣಿಯಿಂದ ಅತ್ತ ಹೊರಡುತ್ತವೆ.
ನಮ್ಮ ಮಕ್ಕಳಿಗಿಂತ ಹೆಚ್ಚು ಊರು ನೋಡಿದವು ಅವೇ.

ನನ್ನ ಪಾಲಿಗೆ ಹಾಜರಿ ಪುಸ್ತಕ.
ಫಿಟ್ಟರ್, ಎರಡನೇ ವರ್ಷ,
ಜುಲೈನಿಂದ ಖಾಲಿ ಬಿದ್ದ ಚೌಕಗಳು.
"ಒಂದೇ ಪೆನ್ನಲ್ಲಿ ತುಂಬಬೇಡಿ ಮೇಡಂ," ಎಂದರು ಸರ್,
"ನಡುನಡುವೆ ಒಂದೆರಡು ಗೈರು ಹಾಕಿ, ನಿಜ ಅನ್ನಿಸಬೇಕು."
ಮೂರು ಬಗೆಯ ನೀಲಿ ತಂದಿಟ್ಟರು.

ಆ ಚೌಕಗಳ ದಿನ ಗಂಗಿರೆಡ್ಡಿ ಎಲ್ಲಿದ್ದ, ನನಗೆ ಗೊತ್ತು:
ಟೊಮೇಟೊ ಮಂಡಿಯಲ್ಲಿ, ರಾತ್ರಿ ಎರಡಕ್ಕೆ, ಲಾರಿ ಮೇಲೆ.
ಸಬೀಹಾ ಎಲ್ಲಿದ್ದಳು, ಅದೂ ಗೊತ್ತು:
ಕೆಲಸ ಕಲಿಯಲೆಂದು ಕಳಿಸಿದ ಕಾರ್ಖಾನೆಯಲ್ಲಿ
ನಾಲ್ಕು ತಿಂಗಳು ಡಬ್ಬಿಗೆ ಲೇಬಲ್ ಅಂಟಿಸುತ್ತ.
ಅವಳ ಡೈರಿಯಲ್ಲಿ ಅದರ ಹೆಸರು 'ಜೋಡಣೆ ಅಭ್ಯಾಸ'.
ಅಡಿಯಲ್ಲಿ ಸಹಿ ನನ್ನದೇ.

ಅಮ್ಮನೂ ಅದೇ ಮಂಡಿಯಲ್ಲಿ ಕ್ರೇಟು ಜೋಡಿಸಿದವಳು.
ತಳಕ್ಕೆ ಬಿರುಕು ಬಿಟ್ಟವು, ನಡುವೆ ದೋರೆಗಾಯಿ,
ಮೇಲಿನ ಸಾಲಿಗೆ ಮದುಮಗಳಂಥವು.
"ಮೇಲೆ ನೋಡಿ ಕೊಳ್ಳೋನು ಹೊಸಬ ಕಣೇ," ಅನ್ನೋಳು,
"ಹಳಬ ಸೀದಾ ತಳಕ್ಕೇ ಕೈ ಹಾಕ್ತಾನೆ."
ಹಾಗಂತ ಮೇಲಿನ ಸಾಲು ಜೋಡಿಸುವುದನ್ನೇನೂ ಬಿಡಲಿಲ್ಲ.

ಎಲ್ಲರೂ ಹೋದರು ಅಂದುಕೊಂಡಿದ್ದೆ. ಅರದ ಸದ್ದು.
ವೈಸ್ ಮುಂದೆ ಗಂಗಿರೆಡ್ಡಿ.
ಪ್ರದರ್ಶನದ ಮೇಜಿನ ಮೇಲೆ ಆಗಲೇ ತುಂಡುಗಳಿವೆ,
ಪೇಟೆಯ ವರ್ಕ್‌ಶಾಪಿನಲ್ಲಿ ಮಾಡಿಸಿ ತಂದವು, ಕನ್ನಡಿಯಂತೆ.
"ಮತ್ತೆ ಇದ್ಯಾಕೋ?"
"ಅಲ್ಲಿ ನನ್ನ ಹೆಸರಿನ ಚೀಟಿ ಇದೆ ಮೇಡಂ.
ಚೀಟಿ ಹಿಂದೆ ಇರೋದು ನಂದಲ್ಲ."

ಮೂಲೆಮಟ್ಟ ಕೂರಿಸಿ ಕಿಟಕಿಗೆ ಎತ್ತಿ ಹಿಡಿದ.
ಅಂಬಾಜಿದುರ್ಗದ ಹಿಂದೆ ಹೊತ್ತು ಮುಳುಗುತ್ತಿತ್ತು,
ಉಳಿದಿದ್ದ ಬೆಳಕಲ್ಲಿ ಒಂದು ಕೂದಲೆಳೆ
ಕಬ್ಬಿಣದಡಿ ನುಸುಳಿ ಬಂತು.
ನಾನೇ ಕಲಿಸಿದ್ದು: ಬೆಳಕು ಬಂದ ಕಡೆ ಅರ ತಾಕಿಸಬೇಡ,
ಅಲ್ಲಿ ಆಗಲೇ ತಗ್ಗಿದೆ.
ಬೆಳಕು ಬಾರದ ಕಡೆ ಉಜ್ಜು.
ಕಬ್ಬಿಣದಲ್ಲಿ ತುಂಬುವುದು ಅಂತಿಲ್ಲ, ತೆಗೆಯುವುದೊಂದೇ.

ಏಳೂವರೆಗೆ ವರ್ನಿಯರುಗಳು ಬಂದವು, ಟವೆಲ್ಲಿನ ಬೆವರು ವಾಸನೆ ಸಮೇತ.
ಒಂದನ್ನು ತೆಗೆದು ಅವನ ತುಂಡಿಗೆ ಕಚ್ಚಿಸಿದೆ.
ಎರವಲಿನದಾದರೂ ಸುಳ್ಳು ಹೇಳಲಿಲ್ಲ:
ಹತ್ತರಲ್ಲಿ ಎರಡು ಮಿಲ್ಲಿಮೀಟರ್ ತಪ್ಪು.

ಕನ್ನಡಿಯನ್ನು ಡ್ರಾಯರಿಗೆ ಹಾಕಿ ಅವನದನ್ನಿಟ್ಟೆ.
ಚೀಟಿಯ ಕೆಳಗೆ, ಕೈಗೆ ಸಿಕ್ಕ ನೀಲಿಯಲ್ಲಿ:
'ಎಡ ಮೂಲೆಯಲ್ಲಿ ಬೆಳಕು. ಇನ್ನೂ ಉಜ್ಜಬೇಕು.'
ಜುಲೈ ಹಾಗೇ ಇದೆ. ಪುಸ್ತಕ ಮುಚ್ಚಿದೆ.
ಬೆಳಗ್ಗೆ ಎಂಟಕ್ಕೆ ಸರ್ ಕೂಗಾಡುತ್ತಾರೆ, ಅವರಿಗೂ ಮಕ್ಕಳಿದ್ದಾರೆ.

ಬೀಗ ಹಾಕುವಾಗ, ಬರುವವನು ಹಳಬನಾಗಿರಲಿ ಅಂದುಕೊಂಡೆ.
ಗೇಟು ದಾಟುವಷ್ಟರಲ್ಲಿ
ಹೊಸಬನಾದರೂ ಆಗಲಿ ದೇವರೇ, ಅಂತಲೂ.